ಹಾಸಿಗೆ ಸಾಹೇಬರ ಕಾರಿಗೆ ಬಂದ ಹಸಿರು ಗೇರ್‌ಬಾಕ್ಸ್

ಗೇರ್‌ಬಾಕ್ಸಿಗೆ ಯಾರಾದರೂ ಹಸಿರು ಬಣ್ಣ ಬಳಿಯುತ್ತಾರೆಯೇ? ಕೆ.ಆರ್. ನಗರದ ಗುಜರಿ ಅಂಗಡಿಯಿಂದ ಗೋಣಿಚೀಲದಲ್ಲಿ ಸುತ್ತಿ ತಂದದ್ದನ್ನು ಹುಣಸೂರಿನ ನನ್ನ ಶೆಡ್ಡಿನ ಬೆಂಚಿನ ಮೇಲಿಟ್ಟು ಬಿಚ್ಚಿದಾಗ ನನಗೆ ಮೊದಲು ಬಂದ ಅನುಮಾನ ಇದು. ಬಾಗಿಲು ಕಿಟಕಿಗೆ ಬಳಿಯುವ ಗಿಳಿಹಸಿರು. ಅದೂ ಬ್ರಷ್ಷಿನಲ್ಲಿ ಬಳಿದದ್ದು. ಬೋಲ್ಟಿನ ತಲೆಗಳ ಮೇಲೂ ಬಣ್ಣ ಹರಿದು ಒಣಗಿತ್ತು.

"ಮಿಲಿಟ್ರಿ ಗಾಡೀದಂತೆ ಕಣ್ರೀ ಮೇಸ್ತ್ರಿ," ಎಂದರು ಅದನ್ನು ತಂದ ಹಾಸಿಗೆ ಸಾಹೇಬರು.

"ಮಿಲಿಟ್ರಿಯವ್ರು ಗಿಳಿ ಬಣ್ಣ ಬಳೀತಾರಾ ಸಾಹೇಬ್ರೇ?"

"ಗುಜರಿಯವ್ರು ಅಂಗಂದ್ರು. ಹತ್ತಿ ಹಿಂಜೋನು ನಾನು, ನಂಗೇನ್ ಗೊತ್ತಾಯ್ತದೆ? ನೀವು ನೋಡಿ ಏಳಿ."

ಸಾಹೇಬರದು ಬೂರುಗದ ಹತ್ತಿಯ ಹಾಸಿಗೆ ಹೊಲಿಯುವ ಕಸುಬು. ನಮ್ಮ ಕಡೆ ಮದುವೆಗೆ ಹೆಣ್ಣಿನ ಮನೆಯಿಂದ ಹಾಸಿಗೆ ಹೋಗಬೇಕು. ಅದನ್ನು ಸಾಹೇಬರೇ ಹೊಲಿದು, ತಮ್ಮ ಹಳೆಯ ಅಂಬಾಸಿಡರ್ ಕಾರಿನ ಕ್ಯಾರಿಯರ್ ಮೇಲೆ ಕಟ್ಟಿಕೊಂಡು, ಪಿರಿಯಾಪಟ್ಟಣದಿಂದ ಹಿಡಿದು ಎಚ್.ಡಿ. ಕೋಟೆ ಕಾಡಂಚಿನವರೆಗೆ ಮನೆ ಬಾಗಿಲಿಗೆ ಇಳಿಸಿ ಬರುತ್ತಿದ್ದರು. ಅಂಗಡಿಯ ಫೋಮಿನ ಹಾಸಿಗೆ ಬಂದ ಮೇಲೂ ಅವರ ವ್ಯಾಪಾರ ಉಳಿದಿದ್ದದ್ದು ಈ ಮನೆಬಾಗಿಲಿನ ಇಳಿಸುವಿಕೆಯಿಂದ. ಆಗ ಧನುರ್ಮಾಸ ನಡೆಯುತ್ತಿತ್ತು, ಮದುವೆಗಳಿಲ್ಲ. ಸಂಕ್ರಾಂತಿ ಕಳೆದರೆ ಮದುವೆಗಳು ಶುರು. ಅಷ್ಟರೊಳಗೆ ಕಾರು ಓಡದಿದ್ದರೆ ಒಪ್ಪಿಕೊಂಡ ಹಾಸಿಗೆಗಳೆಲ್ಲ ಬೇರೆಯವರ ಪಾಲು.

ಬೇರೆ ಗಾಡಿ ತೆಗೆದುಕೊಳ್ಳಬಹುದಲ್ಲ ಎಂದು ಅಳಿಯ ಹೇಳಿದ್ದನಂತೆ. ಆದರೆ ವರ್ಷಗಟ್ಟಲೆ ಬಿಲ್ಲು ಹಿಡಿದು ಹತ್ತಿ ಹಿಂಜಿ ಸಾಹೇಬರ ಎಡ ಭುಜ ಹಿಂದಕ್ಕೂ ಕೆಳಕ್ಕೂ ಹೋಗದು. ಈ ಹಳೆಯ ಕಾರಿನಲ್ಲಿ ಗೇರಿನ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲೇ ಇದೆ. ಹ್ಯಾಂಡ್ ಗೇರ್ ಅನ್ನುತ್ತೇವೆ. ಮೊಣಕೈ ಮಡಚಿಕೊಂಡೇ ಎರಡು ಬೆರಳಲ್ಲಿ ಎತ್ತಿ ಇಳಿಸಿದರಾಯಿತು. ಕಾಲ ಬಳಿ ಕಡ್ಡಿ ಇರುವ ಮುಂದಿನ ಮಾಡೆಲ್ಲಿನ ಗೇರ್‌ಬಾಕ್ಸ್ ಮೈಸೂರಿನಲ್ಲಿ ಬೇಕಾದಷ್ಟು ಸಿಗುತ್ತದೆ. ಹ್ಯಾಂಡ್ ಗೇರಿನದು ಸಿಗುವುದಿಲ್ಲ. ಇವರ ಕಾರಿನದರಲ್ಲಿ ಮೊದಲನೇ ಗೇರಿನ ಹಲ್ಲುಗಳು ಉದುರಿ, ಅದರ ಚೂರು ನಡುವೆ ಸಿಕ್ಕಿಕೊಂಡು ಪೆಟ್ಟಿಗೆಯ ಹೊರಮೈಯಾದ ಹೌಸಿಂಗನ್ನು ಸೀಳಿಬಿಟ್ಟಿತ್ತು. ಹಾಗಾಗಿ ಈ ಹಸಿರು ಪೆಟ್ಟಿಗೆಯೇ ಗತಿ.

"ಇದು ಕೂತ್ರೆ ಗಾಡಿ ಉಳೀತು, ಇಲ್ಲಾಂದ್ರೆ ಅಳಿಯಂಗೆ ಕೀ ಕೊಟ್ಬುಡ್ತೀನಿ. ಗುಜರಿಗೆ ಆಕೊಳ್ಲಿ," ಎಂದು ಸಾಹೇಬರು ಬೀಡಿ ಹಚ್ಚಿದರು.

ಮೊದಲ ಕೆಲಸ, ಇದು ಯಾವ ಗಾಡಿಯದು ಎಂದು ತಿಳಿಯುವುದು. ಡೀಸೆಲ್ ಗಾಡಿಯ ಪೆಟ್ಟಿಗೆಯೂ ಹೊರಗಿನಿಂದ ಇದೇ ಥರ ಕಾಣುತ್ತದೆ. ನಂಬರ್ ಕೊರೆದಿರುವ ಜಾಗವನ್ನು ಹುಡುಕಿ ಬಣ್ಣ ಕೆರೆದೆ. ಆ ಜಾಗಕ್ಕೇ ಯಾರೋ ಒಂದು ಕಬ್ಬಿಣದ ಪಟ್ಟಿ ಕೂರಿಸಲೆಂದು ಉಜ್ಜಿ ನುಣ್ಣಗೆ ಮಾಡಿದ್ದರು. ನಂಬರ್ ಹೋಗಿ ಪಟ್ಟಿ ಕೂತಿದ್ದ ಅಚ್ಚು ಮಾತ್ರ ಉಳಿದಿತ್ತು. ಪಟ್ಟಿ ಯಾಕೆ? ತಿಳಿಯಲಿಲ್ಲ. ಮುಂದೆ ಎಂಜಿನ್ನಿಗೆ ಸೇರುವ ಕ್ಲಚ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೊಂದೇ ಗೇರಿಗೆ ಹಾಕಿ ಕೈಯಲ್ಲಿ ತಿರುಗಿಸಿ, ಹಿಂದಿನ ಶಾಫ್ಟು ಎಷ್ಟು ಸುತ್ತುತ್ತದೆ ನೋಡಿದೆ. ಮೊದಲೇ ಬಿಚ್ಚಿಟ್ಟಿದ್ದ ಹಳೆಯ ಪೆಟ್ಟಿಗೆಯ ಗೇರುಗಳ ಹಲ್ಲು ಎಣಿಸಿ ಅದರ ಲೆಕ್ಕವನ್ನೂ ಹಾಕಿದೆ. ಎರಡೂ ಒಂದೇ ಲೆಕ್ಕ ಕೊಟ್ಟವು. ಪೆಟ್ರೋಲ್ ಗಾಡಿಯದೇ, ಇದೇ ಕಾರಿನ ಜಾತಿ. ಅಲ್ಲಿಗೆ ಸಮಾಧಾನವಾಯಿತು. ಆಮೇಲೆ ಬಿಚ್ಚಿದೆ. ಸಮಾಧಾನ ಅಲ್ಲಿಗೆ ಮುಗಿಯಿತು.

ಬಿಚ್ಚುವಾಗ ನಾನು ಸಾಮಾನುಗಳನ್ನು ಇಡ್ಲಿ ತಟ್ಟೆಯಲ್ಲಿ ಜೋಡಿಸುತ್ತೇನೆ. ಒಂದೊಂದು ಗುಳಿಗೆ ಒಂದೊಂದು ಜಾಗದ ಗುಂಡು, ಸ್ಪ್ರಿಂಗು, ಸೂಜಿಯಂಥ ರೋಲರುಗಳು. ಹಳೆಯ ತಟ್ಟೆ ಸಾಲದೆ ಅಂದು ಮನೆಯ ಒಳ್ಳೆಯ ತಟ್ಟೆಯನ್ನೂ ತಂದಿದ್ದೆ. ಮಧ್ಯಾಹ್ನ ಊಟದ ಡಬ್ಬಿ ತಂದ ನನ್ನ ಹೆಂಡತಿಯ ಕಣ್ಣಿಗೆ ಅದು ಬಿತ್ತು.

"ಏನ್ರೀ ಇದು? ಬೆಳಿಗ್ಗೆಯಿಂದ ತಟ್ಟೆ ಹುಡುಕಿ ಸಾಕಾಗಿ ಉಪ್ಪಿಟ್ಟು ಮಾಡ್ದೆ. ಇಲ್ಲಿ ಗ್ರೀಸಿನ ಇಡ್ಲಿ ಬೇಯಿಸ್ತಾ ಕೂತಿದ್ದೀರಾ?"

"ತೊಳ್ದು ಕೊಡ್ತೀನಿ ಬುಡೇ."

"ನೀವೇ ಇಟ್ಕಳಿ. ಆ ತಟ್ಟೇಲಿ ಇನ್ನು ನಾನು ಹಿಟ್ಟು ಉಯ್ಯಾಕಿಲ್ಲ," ಎಂದು ಅವಳು ನನ್ನ ಪಕ್ಕ ಕೂತು ಅನ್ನಕ್ಕೆ ಸಾರು ಹಾಕಿದಳು. ಸಾಹೇಬರಿಗೂ ಬಡಿಸಿದಳು.

ಊಟ ಮಾಡುತ್ತಲೇ ನಾನು ಖಾಲಿ ಹೌಸಿಂಗನ್ನು ನೋಡುತ್ತಿದ್ದೆ. ಎಣ್ಣೆ ನಿಲ್ಲುವ ಮಟ್ಟದಲ್ಲಿ ಒಳಗೋಡೆಗೆ ಒಂದು ಕಪ್ಪು ಗೆರೆ ಬಿದ್ದಿರುತ್ತದೆ, ಕೆರೆಯ ಏರಿಯ ಮೇಲೆ ನೀರಿನ ಗೆರೆ ಇದ್ದ ಹಾಗೆ. ಅದು ಅಡ್ಡಡ್ಡಲಾಗಿ ಇರಬೇಕು. ಇದರಲ್ಲಿ ಉದ್ದುದ್ದಕ್ಕೆ, ಮೇಲಿಂದ ಕೆಳಕ್ಕೆ ಇತ್ತು. ಕಾರು ಪಕ್ಕಕ್ಕೆ ಮಗುಚಿ ವರ್ಷಗಟ್ಟಲೆ ಓಡಿದ ಹಾಗೆ. ಹಿಂದಿನ ಸೀಲಿನ ಹತ್ತಿರ ಗ್ರೀಸಿನ ಜೊತೆ ನುಣ್ಣನೆಯ ಹೊಟ್ಟು ಮೆತ್ತಿಕೊಂಡಿತ್ತು. ಗೋಣಿಚೀಲದ್ದಿರಬೇಕು ಎಂದುಕೊಂಡು ಒರೆಸಿ ಎಸೆದೆ.

ಆದರೆ ನಿಜವಾಗಿ ತಲೆ ಕೆಡಿಸಿದ್ದು ಮೂರನೇ ಗೇರು. ಗೇರಿನ ಪ್ರತಿ ಹಲ್ಲಿಗೂ ಎರಡು ಮುಖ. ಎಂಜಿನ್ ಎಳೆಯುವಾಗ ಒಂದು ಮುಖಕ್ಕೆ ಭಾರ, ಕಾಲು ತೆಗೆದು ಗಾಡಿ ತಾನೇ ಉರುಳುವಾಗ ಇನ್ನೊಂದು ಮುಖಕ್ಕೆ. ಎಳೆಯುವುದೇ ಹೆಚ್ಚಾದ್ದರಿಂದ ಸವೆಯುವುದೂ ಆ ಮುಖವೇ. ಇಲ್ಲಿ ಎಳೆಯುವ ಮುಖ ಹೊಸದರ ಹಾಗೆ ಮಿಂಚುತ್ತಿತ್ತು. ಉರುಳುವ ಮುಖ ತಿಂದು ಹೋಗಿತ್ತು. ಮೊದಲನೇ, ಎರಡನೇ ಗೇರುಗಳಂತೂ ಮುಟ್ಟಿಯೇ ಇಲ್ಲವೇನೋ ಎಂಬಂತಿದ್ದವು.

"ಇದು ಜೀವಮಾನ ಪೂರ್ತಿ ಇಳಿಜಾರಲ್ಲೇ ಓಡಿದ ಕಾರು ಸಾಹೇಬ್ರೇ," ಎಂದೆ.

"ಅಂಗಾದ್ರೆ ಮೇಲಕ್ಕೆ ಎಂಗೆ ಓಯ್ತಿತ್ತು? ಹೊತ್ಕಂಡು ಓಯ್ತಿದ್ರಾ?" ಎಂದು ಸಾಹೇಬರು ನಕ್ಕರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಹುಗ್ಗಿ ತಿಂದು ಶೆಡ್ಡಿಗೆ ಬಂದು ಆ ಸಾಮಾನುಗಳ ಮುಂದೆ ಸುಮ್ಮನೆ ಕೂತೆ. ಹಿಂದಿನ ಮೇಸ್ತ್ರಿ ಯಾರೋ ಏನನ್ನೋ ತಿರುಗಾಮುರುಗ ಜೋಡಿಸಿರಬೇಕು ಎಂದು ನನ್ನ ತರ್ಕ. ಇದರೊಳಗೆ ತಿರುಗಿಸಿ ಹಾಕಲು ಬರುವ ಸಾಮಾನು ಒಂದೇ. ಮೂರನೇ ಗೇರಿಗೂ ನಾಲ್ಕನೆಯದಾದ ಟಾಪಿಗೂ ನಡುವೆ ಕೂರುವ ಹಬ್ಬು. ಅದರ ಒಂದು ಬದಿಯ ಕಂಠ ಉದ್ದ, ಇನ್ನೊಂದು ಬದಿಯದು ಗಿಡ್ಡ. ಹಳೆಯ ಪೆಟ್ಟಿಗೆಯಲ್ಲಿ ಅದು ಹೇಗಿತ್ತು ಎಂದು ನೋಡೋಣವೆಂದರೆ, ಅದನ್ನು ಬಿಚ್ಚಿದ ದಿನ ಚೂರುಗಳ ಜೊತೆ ಎಲ್ಲ ಒಟ್ಟಿಗೆ ಸುರಿದುಕೊಂಡಿತ್ತು. ಹಸಿರು ಪೆಟ್ಟಿಗೆಯಲ್ಲಿ ಇದ್ದದ್ದು ತಪ್ಪು, ಸವೆತವೇ ಸಾಕ್ಷಿ ಎಂದು ತೀರ್ಮಾನಿಸಿ ಹಬ್ಬನ್ನು ತಿರುಗಿಸಿ ಹಾಕಿದೆ. ಹಿತ್ತಾಳೆ ರಿಂಗುಗಳನ್ನು ಬದಲಾಯಿಸಿದೆ. ಕೆಳಗಿನ ಗೇರು ಸಾಲು ಸುತ್ತುವ ಪಿನ್ನಿನ ಮೇಲೆ ಸಿಡುಬಿನ ಕಲೆಗಳಂತೆ ಗುಳಿ ಬಿದ್ದಿದ್ದವು. ಎಣ್ಣೆ ಸಿಗದೆ ಒಣಗಿ ಸುತ್ತಿದ ಗುರುತು ಅದು. ಹಳೆಯ ಪೆಟ್ಟಿಗೆಯ ಪಿನ್ನು ಚೆನ್ನಾಗಿತ್ತು, ಅದನ್ನೇ ಹಾಕಿದೆ. ರೋಲರುಗಳನ್ನು ಗ್ರೀಸಿನಲ್ಲಿ ಅಂಟಿಸಿ ಕೂರಿಸಿ, ವಾಷರುಗಳ ಸಂದು ಅಳೆದು, ಬೆಂಚಿನ ಮೇಲೆ ಕೈಯಲ್ಲಿ ತಿರುಗಿಸಿದರೆ ನಾಲ್ಕೂ ಗೇರು ಬಿದ್ದವು.

ಕಾರಿಗೇರಿಸಿ ಎಣ್ಣೆ ತುಂಬಿ ಗಾವಡಗೆರೆ ರಸ್ತೆಯಲ್ಲಿ ಹೊರಟೆವು. ಸಾಹೇಬರು ಓಡಿಸುತ್ತಿದ್ದರು. ಮೊದಲನೆಯದು, ಎರಡನೆಯದು ಬೆಣ್ಣೆ. ಮೂರಕ್ಕೆ ಹಾಕಿ ಆಕ್ಸಿಲರೇಟರ್ ಒತ್ತಿದರು. ಟಕ್ ಎಂದು ಕಡ್ಡಿ ನ್ಯೂಟ್ರಲ್ಲಿಗೆ ಹಾರಿತು. ಮತ್ತೆ ಹಾಕಿದರು, ಮತ್ತೆ ಹಾರಿತು. ನಾನು ಕಡ್ಡಿಯನ್ನು ಹಿಡಿದುಕೊಂಡು ಕೂತೆ. ಕೈಗೆ ಒದೆಯುವ ಹಾಗೆ ನಡುಗುತ್ತಿತ್ತು. ಎದುರಿಗೆ ಎತ್ತಿನಗಾಡಿ ನಿಲ್ಲಿಸಿಕೊಂಡವನೊಬ್ಬ, "ಇಬ್ರೂ ಸೇರಿ ಒಂದ್ ಕಾರು ಓಡುಸ್ತಾವ್ರೆ ಕಣ್ಲಾ," ಎಂದು ತನ್ನ ಜೊತೆಗಾರನಿಗೆ ಕೂಗಿ ಹೇಳಿದ. ಟಾಪ್ ಗೇರು ಅರ್ಧಕ್ಕೆ ನಿಂತು ಕರಕರ ಅಂದಿತು. ಎರಡನೇ ಗೇರಿನಲ್ಲೇ ಹುಣಸೂರಿಗೆ ತೆವಳಿಕೊಂಡು ಬಂದೆವು.

ಅಲ್ಲಿಗೆ ನನ್ನ ಮೇಲೆ ನನಗೇ ನಂಬಿಕೆ ಹೋಯಿತು. ಹಬ್ಬು ಮೊದಲು ಇದ್ದದ್ದೇ ಸರಿ ಎಂದಾಯಿತು. ಹಬ್ಬು ಸರಿಯಿದ್ದ ಮೇಲೆ ಹಲ್ಲು ತಪ್ಪು ಬದಿಯಲ್ಲಿ ಯಾಕೆ ಸವೆಯಿತು? ಪೆಟ್ಟಿಗೆ ಇಳಿಸಿ ಮತ್ತೆ ಬಿಚ್ಚಿ, ಹಬ್ಬು ತಿರುಗಿಸಿ, ಮತ್ತೆ ಏರಿಸಬಹುದಿತ್ತು. ಆದರೆ ಆ ಸವೆದ ಮುಖದ ಕಾರಣ ತಿಳಿಯದೆ ಜೋಡಿಸಿದರೆ ಹಾಸಿಗೆ ಹೇರಿಕೊಂಡು ಹೋಗುವಾಗ ಇನ್ನೆಲ್ಲಿ ಕೈಕೊಡುತ್ತದೋ. ಸಾಹೇಬರು ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು. ಅಳಿಯನ ನೆನಪಾಗಿರಬೇಕು.

"ಸಾಹೇಬ್ರೇ, ಸ್ಪ್ಯಾನರು ಮುಟ್ಟಾದು ಬ್ಯಾಡ. ಇದು ಎಲ್ಲಿತ್ತೋ ಅಲ್ಲಿಗೋಗಿ ಕೇಳ್ಕೊಂಡು ಬರಾಣ," ಎಂದೆ.

"ಗೇರ್‌ಬಾಕ್ಸಿನ ತವರುಮನೇಗಾ?"

"ಊಂ. ಸೊಸೆ ಗುಣ ಅಲ್ಲೇ ಗೊತ್ತಾಗಾದು."

ಬೆಳಿಗ್ಗೆ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋದೆವು. ಗುಜರಿಯವರು ತಕ್ಕಡಿಯ ಹತ್ತಿರ ಕೂತು ಟೀ ಕುಡಿಯುತ್ತಿದ್ದರು. ಮಿಲಿಟರಿ ಗಾಡಿಯದು ಎಂದು ಯಾರು ಹೇಳಿದ್ದು ಎಂದು ಕೇಳಿದೆ.

"ನಾನೇ ಅಂದ್ಕಂಡೆ ಕಣ್ರೀ. ಅಸ್ರು ಬಣ್ಣ ಇತ್ತಲ್ಲ."

"ತಂದ್ಕೊಟ್ಟೋರು ಯಾರು?"

"ಚುಂಚನಕಟ್ಟೆ ಕಡೆಯೋರು. ಭತ್ತದ ಚೀಲದ್ ಜೊತೆ ಟ್ರ್ಯಾಕ್ಟ್ರಲ್ಲಿ ಬಂತು. ಕಾರು ಕಥೆ ನಾನು ಕೇಳ್ನಿಲ್ಲ. ಕಾಲುವೆ ಪಕ್ಕ ದೊಡ್ಡ ಕಣ ಐತೆ, ಎಣ್ಣುಮಗಳು ಯಜಮಾನಿ. ಓಗಿ ಕೇಳಿ."

ಇಷ್ಟು ದಿನವೂ ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾವ ಕಾರಿನದು, ಎಷ್ಟು ಓಡಿದೆ? ಗುಜರಿಯವರ 'ದೊಡ್ಡ ಕಣ' ಎಂಬ ಮಾತು ಕಿವಿಗೆ ಬಿದ್ದರೂ ಆಗ ಹೊಳೆಯಲಿಲ್ಲ. ಚುಂಚನಕಟ್ಟೆಯಲ್ಲಿ ಇಳಿದು ಗದ್ದೆ ಬದುವಿನ ಮೇಲೆ ನಡೆಯುವಾಗಲೂ ನಾನು ಯಾವುದೋ ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಕಾರನ್ನೇ ಕಣ್ಣಲ್ಲಿ ಹುಡುಕುತ್ತಿದ್ದೆ.

ಕಣದಲ್ಲಿ ಭತ್ತ ತೂರುತ್ತಿದ್ದರು. ಕಬ್ಬಿಣದ ಚೌಕಟ್ಟಿಗೆ ಒಂದು ದೊಡ್ಡ ಫ್ಯಾನು, ಅದರ ಹಿಂದೆ ಕರೆಂಟಿನ ಮೋಟರು, ನಡುವೆ ಬೆಲ್ಟು. ಮೇಲಿಂದ ಸುರಿದ ಭತ್ತ ಗಾಳಿಗೆ ಸಿಕ್ಕಿ ಗಟ್ಟಿ ಕಾಳು ಹತ್ತಿರ ಬೀಳುತ್ತಿತ್ತು, ಜೊಳ್ಳು ದೂರ ಹಾರುತ್ತಿತ್ತು. ಇಡೀ ಚೌಕಟ್ಟಿಗೆ ಗಿಳಿಹಸಿರು ಬಣ್ಣ.

ಸಾಹೇಬರು ನನ್ನ ತೋಳು ಹಿಡಿದು ನಿಲ್ಲಿಸಿದರು. "ಮೇಸ್ತ್ರಿ, ಮಿಲಿಟ್ರಿ ಸಿಕ್ತು."

ತಲೆಗೆ ಟವೆಲ್ ಸುತ್ತಿಕೊಂಡಿದ್ದ ಯಜಮಾನಿ ಮೋಟರು ನಿಲ್ಲಿಸಿ ಬಂದರು. ನಾವು ಬಂದ ಕಾರಣ ಹೇಳಿದೆವು.

"ಅಯ್ಯೋ ಸಿವನೇ, ಅದ್ನ ಕಾರಿಗೆ ಆಕುದ್ರಾ?" ಎಂದು ಅವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ನಮ್ ಭಾವ ತಂದು ಇದಕ್ಕೆ ಕೂರ್ಸಿದ್ದು ಕಣಣ್ಣ. ನಾನು ಅದ್ರಲ್ಲಿ ಗಾಳಿ ಬದಲಾಯಿಸ್ತಿದ್ದೆ."

"ಗಾಳಿ ಬದಲಾಯ್ಸಾದಾ?"

"ಊಂ. ರಾಗಿ ಅಗುರ, ಜೋರ್ ಗಾಳಿ ಬುಟ್ರೆ ಕಾಳೇ ಆರೋಯ್ತದೆ. ಅದಕ್ಕೆ ಟಾಪು. ಭತ್ತಕ್ಕೆ ಜೋರು ಬೇಕು, ಅದಕ್ಕೆ ಮೂರನೇದು."

"ಟಾಪಿಗಿಂತ ಮೂರನೇದು ಜೋರಾ ಅವ್ವ?" ಎಂದೆ. ನನ್ನ ಲೆಕ್ಕದಲ್ಲಿ ಅದು ಉಲ್ಟಾ.

"ಜೋರೇ. ಒಂದ್ಸಲ ಎರಡಕ್ಕೆ ಆಕಿದ್ದೆ, ನಮ್ಮತ್ತೆ ಸೆರಗು ಆರಿ ಮಾವಿನ ಮರದ ಮೇಲೆ ಕೂತ್ಕತ್ತು. ಅವತ್ತಿಂದ ಅದ್ನ ಮುಟ್ನಿಲ್ಲ."

ಅವರು ಪಕ್ಕದಲ್ಲಿ ಬಿಚ್ಚಿ ಎಸೆದಿದ್ದ ಹಳೆಯ ಪಟ್ಟಿಗಳನ್ನು ತೋರಿಸಿದರು. ಗೇರ್‌ಬಾಕ್ಸನ್ನು ಪಕ್ಕಕ್ಕೆ ಮಲಗಿಸಿ ಬಿಗಿದಿದ್ದರು. ಹ್ಯಾಂಡ್ ಗೇರಿನ ಪೆಟ್ಟಿಗೆಗೆ ಗೇರು ಬದಲಾಯಿಸುವ ತೋಳುಗಳು ಪಕ್ಕದಲ್ಲಿರುತ್ತವೆ. ಮಲಗಿಸಿದರೆ ಅವು ಮೇಲೆ ಬಂದು ನಿಂತವರ ಕೈಗೆ ಎಟುಕುತ್ತವೆ. ಮತ್ತೆ ಮೋಟರನ್ನು ಜೋಡಿಸಿದ್ದು ಹಿಂದಿನ ಶಾಫ್ಟಿಗೆ. ಫ್ಯಾನು ಇದ್ದದ್ದು ಮುಂದಿನ ಕ್ಲಚ್ ಶಾಫ್ಟಿಗೆ.

ಕಣದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೆಲದ ಮೇಲೆ ಕಡ್ಡಿಯಿಂದ ಗೀಚಿ ನೋಡಿಕೊಂಡೆ. ನನಗೆ ತಿಳಿಯಲು ಹೊತ್ತು ಹಿಡಿಯಿತು. ಕಾರಿನಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಶಕ್ತಿ ಇಲ್ಲಿ ಹಿಂದಿನಿಂದ ಮುಂದಕ್ಕೆ ಹೋಗಿದೆ. ಕಾರಿನಲ್ಲಿ ವೇಗ ತಗ್ಗಿಸುವ ಗೇರು ಇಲ್ಲಿ ವೇಗ ಹೆಚ್ಚಿಸಿದೆ. ಗಾಡಿ ಇಳಿಜಾರಿನಲ್ಲಿ ಉರುಳುವಾಗ ಯಾವ ಮುಖಕ್ಕೆ ಭಾರ ಬೀಳುತ್ತದೋ ಅದೇ ಮುಖಕ್ಕೆ ವರ್ಷಗಟ್ಟಲೆ ಭತ್ತದ ಗಾಳಿಯ ಭಾರ ಬಿದ್ದಿದೆ. ಯಾರೂ ಏನನ್ನೂ ತಪ್ಪಾಗಿ ಜೋಡಿಸಿರಲಿಲ್ಲ. ಅದು ರಸ್ತೆಯಲ್ಲಿ ಎಷ್ಟು ಓಡಿದ್ದರೂ ಅದರ ಮೈಮೇಲಿದ್ದ ಸವೆತ ಮಾತ್ರ ಕಣದ್ದು.

"ಮಾರಿದ್ಯಾಕವ್ವ?"

"ಕಿರ್ರೋ ಅಂತಿತ್ತು. ಎಣ್ಣೆ ಉಯ್ದೂ ಉಯ್ದೂ ಸಾಕಾಯ್ತು. ಈಗ ಬೆಲ್ಟೇ ಬದಲಾಯಿಸ್ಕತ್ತೀವಿ." ಅವರು ನಮಗೆ ಮಜ್ಜಿಗೆ ಕೊಟ್ಟರು. ಹೊರಡುವಾಗ ಸಾಹೇಬರನ್ನು, "ಸಾಬ್ರೇ, ನಿಮ್ ಕಾರು ರಾಗೀ ಏನಾರ ತೂರುದ್ರೆ ಏಳ್ಕಳಿಸಿ," ಎಂದು ಛೇಡಿಸಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹೊಸ ಗೊಂದಲ ಹತ್ತಿತು. ಕಾರಣ ಗೊತ್ತಾಯಿತು, ಸರಿ. ಈಗ ಯಾವ ಮೂರನೇ ಗೇರು ಹಾಕುವುದು? ಹಸಿರು ಪೆಟ್ಟಿಗೆಯದಾದರೆ ಎಳೆಯುವ ಮುಖ ಹೊಸದು, ಶಬ್ದವಿಲ್ಲದೆ ಎಳೆಯುತ್ತದೆ. ಆದರೆ ಅದರ ಪಕ್ಕದಲ್ಲಿ, ಹಬ್ಬಿನ ಮೇಲೆ ಜಾರುವ ಸ್ಲೀವು ಬಂದು ಕಚ್ಚಿಕೊಳ್ಳುವ ಸಣ್ಣ ಹಲ್ಲುಗಳಿವೆ. ಅವೂ ಉರುಳುವ ಬದಿಯಲ್ಲೇ ಸವೆದಿವೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಗೇರು ಹಾರಬಹುದು. ಸಾಹೇಬರ ಹಳೆಯ ಪೆಟ್ಟಿಗೆಯ ಮೂರನೇ ಗೇರಿನಲ್ಲಿ ಈ ಸಣ್ಣ ಹಲ್ಲುಗಳು ಗಟ್ಟಿಯಾಗಿವೆ, ಹಾರುವುದಿಲ್ಲ. ಆದರೆ ಅದರ ದೊಡ್ಡ ಹಲ್ಲುಗಳು ಎಳೆಯುವ ಮುಖದಲ್ಲಿ ಸವೆದಿವೆ. ಸವೆದದ್ದನ್ನು ಸವೆಯದ್ದರ ಜೊತೆ ಜೋಡಿಸಿದರೆ ಊಳಿಡುತ್ತದೆ. ಒಂದು ಸುಮ್ಮನಿದ್ದು ಮೋಸ ಮಾಡುತ್ತದೆ, ಇನ್ನೊಂದು ಕೂಗುತ್ತಾ ಕೆಲಸ ಮಾಡುತ್ತದೆ. ನಾನು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ವಾಲಿದೆ. ಹುಣಸೂರು ಬಂದರೂ ನಿರ್ಧಾರ ಬರಲಿಲ್ಲ. ಕೊನೆಗೆ ಓಡಿಸುವವರನ್ನೇ ಕೇಳಿದೆ.

ಸಾಹೇಬರು ಎಡ ಭುಜವನ್ನು ಒತ್ತಿಕೊಳ್ಳುತ್ತಾ ಯೋಚಿಸಿದರು. "ಗೇರು ಆರುದ್ರೆ ಈ ಕೈಲಿ ಕಡ್ಡಿ ಇಡ್ಕಂಡು ಕೂರಕ್ಕೆ ಆಯ್ತದಾ?"

"ಆಗಾಕಿಲ್ಲ."

"ಅಂಗಾದ್ರೆ ಕೂಗ್ಲಿ ಬುಡಿ. ಕೂಗಿದ್ರೆ ಕಿವಿಗೆ ತಾನೇ ನೋವು? ಕಿವಿ ಇನ್ನೂ ಚೆನ್ನಾಗೈತೆ."

ಹಾಗೆ ಎರಡೂ ಪೆಟ್ಟಿಗೆ ಸೇರಿ ಒಂದಾಯಿತು. ಹಸಿರು ಹೌಸಿಂಗು, ಅದರ ಗೇರು ಸಾಲು, ಅದರ ಹಬ್ಬು ಮೊದಲಿದ್ದ ದಿಕ್ಕಿನಲ್ಲೇ. ಹಳೆಯದರಿಂದ ಮೂರನೇ ಗೇರು, ಸ್ಲೀವು, ಪಿನ್ನು. ಹಸಿರು ಪೆಟ್ಟಿಗೆಯ ಹಿಂದಿನ ಬೇರಿಂಗು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಒರಟು ಎನಿಸಿತು. ಮೈಸೂರಿನಿಂದ ತರಿಸಿದ್ದು ಅಳತೆಗೆ ಬರಲಿಲ್ಲ. ಹಳೆಯ ಪೆಟ್ಟಿಗೆಯದು ಅದಕ್ಕಿಂತ ವಾಸಿ ಅನ್ನಿಸಿ ಅದನ್ನು ಹಾಕಿದೆ. ಮತ್ತೆ ಹಸಿರಿನದೇ ವಾಸಿಯೇನೋ ಎಂದು ತೆಗೆದು, ಎರಡನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಕೊನೆಗೆ ಹಳೆಯದನ್ನೇ ಉಳಿಸಿದೆ.

ಸಂಕ್ರಾಂತಿ ಆದ ಮೇಲಿನ ಮೊದಲ ಹಾಸಿಗೆ ಕಾಕನಕೋಟೆ ಕಡೆಯ ಒಂದು ಹಳ್ಳಿಗೆ ಹೋಗಬೇಕಿತ್ತು. ಸಾಹೇಬರು ನನ್ನನ್ನೂ ಹತ್ತಿಸಿಕೊಂಡರು. ಮೇಲೆ ಎರಡು ಹಾಸಿಗೆ, ನಾಲ್ಕು ದಿಂಬು, ಹಗ್ಗದಲ್ಲಿ ಬಿಗಿದಿದ್ದವು. ಮೂರನೇ ಗೇರಿಗೆ ಬಿದ್ದ ಕೂಡಲೇ ಕಾರು ಊಳಿಡಲು ಶುರು ಮಾಡಿತು. ರಸ್ತೆ ಬದಿಯ ದನಗಳು ತಲೆ ಎತ್ತಿ ನೋಡಿದವು. ಸಾಹೇಬರ ಎರಡು ಬೆರಳು ಕಡ್ಡಿಯ ಮೇಲೆ ಸುಮ್ಮನೆ ಇಟ್ಟಂತಿದ್ದವು. ಎಚ್.ಡಿ. ಕೋಟೆ ದಾಟಿ, ಹಳ್ಳದ ಸೇತುವೆಗೆ ಇಳಿಯುವ ಜಾಗ ಬಂತು.

"ಕಾಲು ತೆಗೀರಿ ಸಾಹೇಬ್ರೇ," ಎಂದೆ.

ತೆಗೆದರು. ಬೆರಳನ್ನೂ ತೆಗೆದರು. ಭಾರ ಹೊತ್ತ ಕಾರು ಉರುಳತೊಡಗಿತು. ನಾನು ಕಡ್ಡಿಯನ್ನೇ ನೋಡುತ್ತಿದ್ದೆ. ಕೆಳಗೆ ಸೇತುವೆ ಮುಟ್ಟುವವರೆಗೂ ಅದು ಅಲುಗಲಿಲ್ಲ. ಸಾಹೇಬರು ಆಕ್ಸಿಲರೇಟರ್ ಒತ್ತಿದರು. ಕಾರು ಊಳಿಡುತ್ತಾ ದಿಣ್ಣೆ ಹತ್ತಿತು.

ಮದುವೆ ಮನೆಯ ಮುಂದೆ ಹೆಂಗಸರು ಹೊರಗೆ ಬಂದು ನಿಂತಿದ್ದರು. "ಏನ್ ಸಾಬ್ರೇ, ರೈಸ್ ಮಿಲ್ಲು ಕಟ್ಕೊಂಡು ಬಂದ್ರಾ?" ಎಂದು ಮದುಮಗಳ ತಾಯಿ ಕೇಳಿದರು. ಹಾಸಿಗೆ ಇಳಿಸಿ, ಒತ್ತಿ ನೋಡಿ, ಮೆಚ್ಚಿಕೊಂಡರು. ಪಕ್ಕದ ಮನೆಯಾಕೆ ತಮ್ಮ ಮಗಳಿಗೂ ಒಂದು ಜೊತೆ ಬೇಕು, ತಂದುಕೊಡುತ್ತೀರಾ ಎಂದರು.

"ತತ್ತೀನಿ ಕಣವ್ವ. ಬಾಗ್ಲಿಗೇ ತತ್ತೀನಿ," ಎಂದರು ಸಾಹೇಬರು.

ಆ ಮೂರನೇ ಗೇರಿನ ಊಳು ಪೂರ್ತಿ ಗೇರಿನದೇ, ಇಲ್ಲ ಅರ್ಧ ನಾನು ಉಳಿಸಿದ ಆ ಹಿಂದಿನ ಬೇರಿಂಗಿನದೇ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಇದು ಅನ್ನಿಸುತ್ತದೆ, ಒಮ್ಮೆ ಅದು. ಬಿಚ್ಚಿದರೆ ತಿಳಿಯುತ್ತದೆ. ಕಾರು ಶೆಡ್ಡಿನ ಮುಂದೆ ಹಾದು ಹೋಗುವಾಗಲೆಲ್ಲ ನಾನು ಕೈ ಅಡ್ಡ ಹಾಕಿ, ಒಂದು ದಿನ ಬಿಟ್ಟು ಹೋಗಿ, ನೋಡುತ್ತೇನೆ ಎನ್ನುತ್ತೇನೆ. ಆದರೆ ಯಾವಾಗ ನಿಲ್ಲಿಸಿದರೂ ಮೇಲೆ ಹಾಸಿಗೆ ಕಟ್ಟಿರುತ್ತದೆ.